ಭಜನೆಯ ಮಟ್ಟು ಕದ್ದಿದ್ದಾರೆ ಅನ್ನುವುದಕ್ಕೆ ಏನೇನು ಬೇಕು?

ಪ್ರಶ್ನೆ, ಬದಿಯಡ್ಕದಿಂದ:
2024ರಲ್ಲಿ ನಾವು ಯೂಟ್ಯೂಬಿಗೆ ಹಾಕಿದ ಭಜನೆಯ ಮಟ್ಟಿಗೆ ಬೇರೆ ಸಾಹಿತ್ಯ ಕೂರಿಸಿ ಇನ್ನೊಂದು ತಂಡ ಹಾಡು ಬಿಟ್ಟಿದೆ. ಕೇಳಿದರೆ "ಮೋಹನ ರಾಗ ನಿಮ್ಮ ಮನೆ ಆಸ್ತಿಯಾ?" ಅಂತಾರೆ. ಬಲ್ಲವರು ದಾರಿ ಹೇಳಿ.

ಉತ್ತರ, ಕುಂಬಳೆಯಿಂದ:
ರಾಗ ಯಾರ ಆಸ್ತಿಯೂ ಅಲ್ಲ, ಅಷ್ಟು ಮಾತು ಸರಿ. ಆದರೆ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಸಾಹಿತ್ಯ, ಸಂಗೀತ, ಧ್ವನಿಮುದ್ರಣ ಮೂರೂ ಬೇರೆ ಬೇರೆ ಹಕ್ಕು. ಸಾಹಿತ್ಯ ಬದಲಿಸಿದ ಮಾತ್ರಕ್ಕೆ ಮಟ್ಟು ಅವರದಾಗುವುದಿಲ್ಲ. ಶ್ರುತಿ ಏರಿಸಿದರೂ ಅಷ್ಟೆ.

ಎರಡೂ ಹಾಡನ್ನು ಒಂದೇ ಶ್ರುತಿಗೆ ತಂದು, ತಾಳದ ಚೌಕ ಹಾಕಿ ಸ್ವರಗಳನ್ನು ಒಂದರ ಕೆಳಗೊಂದು ಬರೆಯಿರಿ. "ಸರಿಗಪದಸ" ಹೊಂದಿದರೆ ಖುಷಿಪಡಬೇಡಿ, ಅದು ಬರೀ ಆರೋಹಣ, ಅಂದರೆ ಮೋಹನದಲ್ಲಿ ಸ್ವರ ಏರುವ ಕ್ರಮ. ಎಡುಪು (ತಾಳದಲ್ಲಿ ಹಾಡು ಶುರುವಾಗುವ ಜಾಗ) ಅರ್ಧ ಅಕ್ಷರ, ಅಂದರೆ ತಾಳದ ಅರ್ಧ ಎಣಿಕೆ ಬಿಟ್ಟು, ಗಾಂಧಾರದಿಂದ ನೇರ ಮೇಲಿನ ಷಡ್ಜಕ್ಕೆ ಹಾರಿ, ಇಳಿಯುವಾಗ ಧೈವತದಲ್ಲಿ ಎರಡಕ್ಷರ ನಿಲ್ಲುವುದು ಎರಡರಲ್ಲೂ ಅದೇ ಜಾಗದಲ್ಲಿ ಉಂಟಾ? ಅಂಥದ್ದು ಸಾಲುಸಾಲು ಸಿಕ್ಕಿದರೆ "ರಾಗ ಒಂದೇ" ಎಂಬ ಸಮಜಾಯಿಷಿ ನಿಲ್ಲುವುದು ಕಷ್ಟ. ಅದಕ್ಕೂ ಮೊದಲು, ನಿಮ್ಮದೇ ಮಟ್ಟು ಯಕ್ಷಗಾನದ ಯಾವುದೋ ಹಳೇ ಪದ್ಯದ್ದಲ್ಲ ತಾನೇ? ಹಾಗಿದ್ದರೆ ಇಲ್ಲಿಗೇ ಬಿಡಿ.

ಉತ್ತರ, ವಕೀಲರೊಬ್ಬರಿಂದ:
"ಏಳು ಸೆಕೆಂಡಿನ ತನಕ ತೆಗೆದರೆ ತಪ್ಪಿಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅಂಥ ಕಾನೂನು ಎಲ್ಲೂ ಇಲ್ಲ ಮಾರಾಯ್ರೆ. 2008ರಲ್ಲಿ ಸಂಗೀತ ನಿರ್ದೇಶಕ ರಾಮ್ ಸಂಪತ್ ಅವರ ಜಾಹೀರಾತಿನ ಸಣ್ಣ ತುಣುಕಿನ ವಿಷಯದಲ್ಲೇ ಬಾಂಬೆ ಹೈಕೋರ್ಟ್ ಒಂದು ಸಿನಿಮಾದ ಹಾಡುಗಳಿಗೆ ತಡೆ ಕೊಟ್ಟಿತ್ತು. ತೂಗುವುದು ಉದ್ದವನ್ನಲ್ಲ, ತೆಗೆದ ಭಾಗ ಹಾಡಿನ ಜೀವವೋ ಎಂಬುದನ್ನು. ಸುಪ್ರೀಂ ಕೋರ್ಟಿನ 1978ರ ಆರ್.ಜಿ. ಆನಂದ್ ತೀರ್ಪಿನ ಅಳತೆಗೋಲೂ ನೆನಪಿರಲಿ: ಎರಡನ್ನೂ ಕಂಡ ಸಾಮಾನ್ಯ ಮನುಷ್ಯನಿಗೆ ಇದು ನಕಲು ಎಂದು ನಿಸ್ಸಂಶಯವಾಗಿ ಅನಿಸಬೇಕು. ಅವರು ನಿಮ್ಮ ಹಾಡನ್ನು ಕೇಳಿರುವ ಸಾಧ್ಯತೆಯನ್ನೂ ತೋರಿಸಬೇಕು. ತಮ್ಮಷ್ಟಕ್ಕೆ ಹೊಳೆದದ್ದಾದರೆ ನಕಲಲ್ಲ.

ಕೃತಿಸ್ವಾಮ್ಯ ಕಾಯಿದೆಯ 62ನೇ ಕಲಮಿನ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಕೋರ್ಟಿನಲ್ಲೇ, ಅಂದರೆ ಕಾಸರಗೋಡಿನ ವಿದ್ಯಾನಗರದಲ್ಲೇ ದಾವೆ ಹೂಡಬಹುದು. ಅವಧಿ 3 ವರ್ಷ. ಕೃತಿಸ್ವಾಮ್ಯದ ನೋಂದಣಿ ಕಡ್ಡಾಯವಲ್ಲ, ಇದ್ದರೆ ಸಾಕ್ಷ್ಯಕ್ಕೆ ಬಲ. ಫೇಸ್‌ಬುಕ್ಕಿನಲ್ಲಿ ಬೆದರಿಸಲು ಮಾತ್ರ ಹೋಗಬೇಡಿ. ಆಧಾರವಿಲ್ಲದ ಬೆದರಿಕೆಗೆ 60ನೇ ಕಲಮಿನಡಿ ಅವರೇ ನಿಮ್ಮ ಮೇಲೆ ದಾವೆ ಹಾಕಬಹುದು.

ಉತ್ತರ, ಸ್ಟುಡಿಯೋದವರಿಂದ:
ರೆಕಾರ್ಡಿಂಗಿನ ಮೂಲ ಪ್ರಾಜೆಕ್ಟ್ ಫೈಲನ್ನು ಕಂಪ್ಯೂಟರಿನಿಂದ ಅಳಿಸಬೇಡಿ. ವಾಟ್ಸಾಪಿನಲ್ಲಿ ಬಂದ ಆಡಿಯೋ ಕುಗ್ಗಿ ಬೇರೆಯೇ ಫೈಲಾಗಿರುತ್ತದೆ, ಮೂಲ ತಾರೀಕೂ ಇರುವುದಿಲ್ಲ. ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ, ಫೈಲಿನ ಹ್ಯಾಶ್ ಸಂಖ್ಯೆ (ಫೈಲಿನ ಬೆರಳಚ್ಚು ಇದ್ದ ಹಾಗೆ) ಸಮೇತ, ಬೇಕು. ಯೂಟ್ಯೂಬಿಗೆ ದೂರು ಕೊಡುವ ಮುಂಚೆ ಅವರ ವೀಡಿಯೋ, ಲಿಂಕು, ತಾರೀಕು ತೆಗೆದಿಟ್ಟುಕೊಳ್ಳಿ. ನಿಮ್ಮ ದೂರಿಗೆ ಎದುರಾಗಿ ಅವರು ಯೂಟ್ಯೂಬಿಗೆ ಅರ್ಜಿ ಹಾಕಿದರೆ 10 ಕೆಲಸದ ದಿನದೊಳಗೆ ನೀವು ಕೋರ್ಟಿಗೆ ಹೋದದ್ದನ್ನು ತೋರಿಸಬೇಕು, ಇಲ್ಲವಾದರೆ ವೀಡಿಯೋ ವಾಪಸ್ ಬರುತ್ತದೆ.

ಪ್ರಶ್ನೆ ಕೇಳಿದವರು:
ಮಟ್ಟು ಹಾಕಿದ್ದು ನಮ್ಮ ಕೀಬೋರ್ಡಿನವರು. ಗೂಗಲ್ ಪೇಯಲ್ಲಿ ದುಡ್ಡು ಕೊಟ್ಟಿದ್ದೇವೆ. ಸಾಲದಾ?

ವಕೀಲರು:
ಸಾಲದು. ಕೃತಿಕಾರ ಅವರೇ. ಹಕ್ಕು ವರ್ಗಾವಣೆ ಬರವಣಿಗೆಯಲ್ಲಿ, ಅವರ ಸಹಿಯೊಂದಿಗೆ ಆಗಬೇಕು. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಕಾನೂನೇ ಇಟ್ಟುಕೊಳ್ಳುತ್ತದೆ. ಈಗಾಗಲೇ ಆಗಿರುವ ನಕಲಿನ ಮೇಲೂ ದಾವೆ ಹೂಡುವ ಹಕ್ಕು ಕೊಟ್ಟಿದ್ದೇನೆ ಎಂಬ ಸಾಲು ಸೇರಿಸಿ. ನೋಟೀಸು ಅದಾದ ಮೇಲೆ.