ಕ್ಯೂ ಇರಬೇಕು, ಪಕ್ಕದಲ್ಲಿ ಯು ಇರಬಾರದು: ಇಂಥ ಇಂಗ್ಲಿಷ್ ಪದ ಹುಡುಕೋದು ಹೇಗೆ?

ಬ್ರಹ್ಮಪುರ ಟ್ಯೂಷನ್ ಟೀಚರ್

ಎಲ್ಲರಿಗೂ ನಮಸ್ಕಾರ್ರೀ. ಕಲಬುರಗಿಯಲ್ಲಿ ಸಂಜೆ ಹೊತ್ತು ಮನೆಯಲ್ಲೇ ಟ್ಯೂಷನ್ ಹೇಳುತ್ತೇನೆ. ಐದನೇ, ಆರನೇ ಕ್ಲಾಸಿನ ಮಕ್ಕಳು. ಅವರ ವರ್ಕ್‌ಬುಕ್‌ನಲ್ಲಿ ಸ್ಪೆಲಿಂಗ್ ರೂಲ್ ಒಂದಿದೆ: ಕ್ಯೂ ಬಂದರೆ ಪಕ್ಕದಲ್ಲಿ ಯು ಬರಲೇಬೇಕು. ಕ್ವೀನ್, ಕ್ವಿಕ್, ಕ್ವಶ್ಚನ್. ಅದನ್ನೇ ಓದಿಸುತ್ತಿದ್ದೆ. ಒಬ್ಬ ಹುಡುಗ ಎದ್ದು ನಿಂತ. ‘ಟೀಚರ್, ನಮ್ಮ ಮಾಮಾನ ಅಂಗಡಿ ಬೋರ್ಡಿನ್ಯಾಗ ಕ್ಯೂ ಆದಮ್ಯಾಲ ಎ ಅದ ರೀ’ ಅಂದ. ಸೂಪರ್ ಮಾರ್ಕೆಟ್ ಕಡೆ ಅವರದು ಬುರ್ಖಾ ಅಂಗಡಿ. ನೋಟ್‌ಬುಕ್ ತೆಗೆದು ಬೋರ್ಡನ್ನೇ ಬರೆದು ತೋರಿಸಿದ: ಬಿ, ಯು, ಆರ್, ಕ್ಯೂ, ಎ. ಕ್ಯೂ ಬಾಲಕ್ಕೆ ಪೇಂಟರ್ ಎಳೆದ ಸುರುಳಿಯನ್ನೂ ಬಿಟ್ಟಿರಲಿಲ್ಲ.

ಡಿಕ್ಷನರಿ ನೋಡಿದೆ, ಪದ ಇದೆ. ಈಗ ಮಕ್ಕಳಿಗೆಲ್ಲ ಇಂಥವೇ ಇನ್ನಷ್ಟು ಬೇಕಂತೆ. ಅಕ್ಷರ ಕೊಟ್ಟರೆ ಪದ ಹುಡುಕಿಕೊಡುವ ಸೈಟುಗಳಿವೆ ಅಲ್ವಾ, ಅಲ್ಲಿ ಕ್ಯೂ ಹಾಕಿದರೆ ಕ್ವೀನ್‌ನ ಬಂಧುಬಳಗವೇ ಬರುತ್ತದೆ. ‘ಬೇಡದ ಅಕ್ಷರ’ ಅನ್ನುವ ಖಾನೆಯಲ್ಲಿ ಯು ಹಾಕಿದೆ. ಪಟ್ಟಿ ಚಿಕ್ಕದಾಯಿತು, ಆದರೆ ಬುರ್ಖಾನೇ ಮಾಯ! ಸರಿಯಾಗಿ ಹುಡುಕೋದು ಹೇಗೆ? ಮತ್ತೆ, ಇವು ಇಂಗ್ಲಿಷ್ ಪದ ಅಂತ ಮಕ್ಕಳಿಗೆ ಧೈರ್ಯವಾಗಿ ಹೇಳಬಹುದಾ?

ಕರಿ ಪರದೆ

ಮೇಡಂ, ಸೈಟು ನೀವು ಹೇಳಿದ್ದನ್ನೇ ಮಾಡಿದೆ. ಬುರ್ಖಾ ಸ್ಪೆಲಿಂಗ್‌ನಲ್ಲಿ ಯು ಇದೆ, ಆದರೆ ಕ್ಯೂಗಿಂತ ಮುಂಚೆ. ‘ಪದದಲ್ಲಿ ಎಲ್ಲೂ ಯು ಬೇಡ’ ಅನ್ನೋದು ಒಂದು, ‘ಕ್ಯೂ ಆದ ತಕ್ಷಣ ಯು ಬೇಡ’ ಅನ್ನೋದು ಇನ್ನೊಂದು. ನಿಮಗೆ ಬೇಕಿರುವುದು ಎರಡನೆಯದು. ಬರೀ ‘ಬೇಕು–ಬೇಡ’ ಖಾನೆಗಳಿಗೆ ಅಕ್ಷರದ ಜಾಗ ಗೊತ್ತಾಗುವುದಿಲ್ಲ.

ಕಂಪ್ಯೂಟರಿನಲ್ಲಿ ಲಿನಕ್ಸ್ ಇದ್ದರೆ ಗ್ರೆಪ್ ಕಮಾಂಡ್ ಸಾಕು, ಪ್ಯಾಟರ್ನ್‌ಗೆ ಹೊಂದುವ ಸಾಲುಗಳನ್ನು ಫೈಲಿನಿಂದ ಹೆಕ್ಕಿಕೊಡುತ್ತದೆ. 1970ರ ದಶಕದ ಸಾಮಾನು, ಇನ್ನೂ ಗಟ್ಟಿ. ಸಾಲಿಗೊಂದು ಪದ ಇರುವ ಫೈಲ್ ಕೊಟ್ಟು, ‘ಕ್ಯೂ ಆದಮೇಲೆ ಯು ಅಲ್ಲದ ಅಕ್ಷರ’ ಅಂತ ಪ್ಯಾಟರ್ನ್ ಬರೆಯಬೇಕು. ಚೌಕ ಕಂಸದೊಳಗೆ ಮೊದಲು ^ ಗುರುತು, ಆಮೇಲೆ ಯು. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ತಲಾಕ್, ಇರಾಕ್ ಥರದವು ಜಾರಿಹೋಗುತ್ತವೆ. ಅವುಗಳಲ್ಲಿ ಕ್ಯೂ ಕೊನೆಯ ಅಕ್ಷರ, ಅದರ ಮುಂದೆ ಅಕ್ಷರವೇ ಇಲ್ಲ. ಹಾಗಾಗಿ ‘ಇಲ್ಲವೇ ಸಾಲಿನ ಕೊನೆ’ ಅಂತಲೂ ಸೇರಿಸಬೇಕು, ಅದಕ್ಕೆ $ ಗುರುತು.

ಬ್ರಹ್ಮಪುರ ಟ್ಯೂಷನ್ ಟೀಚರ್

ಲಿನಕ್ಸ್ ಎಲ್ಲಿಂದ ತರಲಿ ಸರ್, ನನ್ನ ಹತ್ತಿರ ಇರೋದು ಮೊಬೈಲ್ ಒಂದೇ. ಆದರೆ ಜಾಗದ ಮಾತು ಚೆನ್ನಾಗಿ ತಲೆಗೆ ಹೋಯಿತು.

ಖಾಲಿ ಟೈಲ್

ಅಕ್ಷರದ ಟೈಲ್ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟ ಆಡುವವರಿಗೆ ಈ ಪದಗಳು ಬಾಯಿಪಾಠ. ಇಂಗ್ಲಿಷ್ ಸೆಟ್‌ನ 100 ಟೈಲ್‌ಗಳಲ್ಲಿ ಕ್ಯೂ ಒಂದೇ, 10 ಪಾಯಿಂಟ್. ಯು ನಾಲ್ಕು. ನಾಲ್ಕೂ ಖರ್ಚಾದ ಮೇಲೆ ಕೈಗೆ ಕ್ಯೂ ಬಂತು ಅಂದುಕೊಳ್ಳಿ. ಆಟ ಮುಗಿದಾಗ ಕೈಯಲ್ಲೇ ಉಳಿದರೆ ಅದರ ಪಾಯಿಂಟ್ ಕಳೆಯುತ್ತಾರೆ. ಅದಕ್ಕೇ ಎಲ್ಲರೂ ಮೊದಲು ಕಲಿಯೋದು ಕ್ಯೂ-ಐ, ಎರಡೇ ಅಕ್ಷರ. ಚೀನಿಯರು ಪ್ರಾಣಶಕ್ತಿಗೆ ಹೇಳುವ ‘ಚೀ’. ಅಮೆರಿಕದ ಆಟದ ಪಟ್ಟಿಗೆ ಅದು ಸೇರಿದ್ದು 2006ರಲ್ಲಿ.

ಮಕ್ಕಳಿಗೆ ಫಕೀರ್, ನಿಕಾಬ್ (ಮುಖ ಮುಚ್ಚುವ ಬಟ್ಟೆ), ಕಿಬ್ಲಾ (ನಮಾಜಿಗೆ ಮುಖ ಮಾಡುವ ದಿಕ್ಕು) ಕೊಡಿ. ಕೀಬೋರ್ಡಿನ ಮೇಲಿನ ಸಾಲಿನ ಕ್ವರ್ಟಿ ಕೊಡಿ, ಅದೂ ಡಿಕ್ಷನರಿಯಲ್ಲಿದೆ. ಮೊಬೈಲ್ ತೆಗೆದು ಬೆರಳಿಟ್ಟು ತೋರಿಸಬಹುದು. ಇರಾಕ್, ಕತಾರ್ ದೇಶದ ಹೆಸರು, ಆಟದಲ್ಲಿ ನಡೆಯುವುದಿಲ್ಲ. ಕ್ಯೂಆರ್ ಕೋಡ್‌ನ ಕ್ಯೂಆರ್ ಬರೀ ಸಂಕ್ಷೇಪ. ಅದನ್ನು ಯಾರಾದರೂ ಕೇಳಿಯೇ ಕೇಳುತ್ತಾರೆ, ರೆಡಿ ಇರಿ.

ನೌಬಾದ್ ನೀರು

ಬೀದರ್‌ನಿಂದ ಒಂದು ಪದ: ಕನಾತ್. ಕ್ಯೂ, ಎ, ಎನ್, ಎ, ಟಿ. ನೆಲದಡಿ ಸುರಂಗ ಕೊರೆದು ಅಂತರ್ಜಲವನ್ನು ಇಳಿಜಾರಿನಲ್ಲಿ ಹರಿಸಿ ತರುವ ಪರ್ಷಿಯಾದ ಪದ್ಧತಿ. ನಮ್ಮಲ್ಲಿ ಕರೇಜ್ ಅಂತೀವಿ. ಬಹಮನಿ ಕಾಲದ್ದು ನೌಬಾದ್‌ನಲ್ಲಿದೆ. ಸುರಂಗದ ಉದ್ದಕ್ಕೂ ಮೇಲಿನಿಂದ ಕೆಂಪು ಕಲ್ಲಿನಲ್ಲಿ ಬಾವಿಗಳನ್ನು ಕೊರೆದಿದ್ದಾರೆ, ಗಾಳಿ ಬೆಳಕಿಗೆ, ಹೂಳು ಎತ್ತೋದಕ್ಕೆ. ಕಲಬುರಗಿಯಿಂದ ಮಕ್ಕಳನ್ನು ಕರ್ಕೊಂಡು ಬನ್ನಿ, ಪದವನ್ನು ಕಣ್ಣಾರೆ ನೋಡಲಿ.

ಇಂಗ್ಲಿಷ್ ಪದವೇ ಅಂತ ಕೇಳಿದಿರಿ. ಹೌದು, ಡಿಕ್ಷನರಿಯಲ್ಲಿದೆ ಅಂದಮೇಲೆ ಧೈರ್ಯವಾಗಿ ಹೇಳಿ. ಬಂದ ದಾರಿ ಬೇರೆ, ಅಷ್ಟೇ. ಕ್ವೀನ್ ಪದಕ್ಕೂ ಹಳೆ ಇಂಗ್ಲಿಷ್‌ನಲ್ಲಿ ಕ್ಯೂ ಇರಲಿಲ್ಲ, ಸಿ-ಡಬ್ಲ್ಯೂ ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ಫ್ರೆಂಚ್ ರೂಢಿಯಂತೆ ಕ್ಯೂ-ಯು ಜೋಡಿ ಬಂತು. ನಿಮ್ಮ ವರ್ಕ್‌ಬುಕ್‌ನ ರೂಲ್ ಆ ದಾರಿಯದು. ಅರಬ್ಬಿ, ಪರ್ಷಿಯನ್, ಉರ್ದುವಿನಲ್ಲಿ ಕ ಥರದ ಅಕ್ಷರ ಎರಡು. ಗಂಟಲಿನ ಬುಡದಿಂದ ಬರುವ ಕ ಒಂದಿದೆ, ಅದಕ್ಕೆ ಇಂಗ್ಲಿಷ್‌ನಲ್ಲಿ ಬರೀ ಕ್ಯೂ ಇಟ್ಟರು. ಮಜಾ ಅಂದರೆ ನಮ್ಮ ದಖ್ಖನಿ ಮಾತಿನಲ್ಲಿ ಅದು ಖ ಆಗುತ್ತದೆ. ಕುರ್ಬಾನಿ ಇಲ್ಲಿ ಖುರ್ಬಾನಿ. ಬುರ್ಖಾ, ಫಕೀರ್ ಎರಡನ್ನೂ ಇಂಗ್ಲಿಷ್‌ನಲ್ಲಿ ಕೆ ಹಾಕಿಯೂ ಬರೆಯುತ್ತಾರೆ, ಅದೂ ತಪ್ಪಲ್ಲ. ಮಕ್ಕಳಿಗೆ ಎರಡೂ ಹೇಳಿಬಿಡಿ, ಇಲ್ಲಾಂದ್ರೆ ಇನ್ನೊಂದು ಅಂಗಡಿ ಬೋರ್ಡ್ ತರುತ್ತಾರೆ.

ಕರಿ ಪರದೆ

ಮೊಬೈಲ್‌ನಲ್ಲೇ ಆಗುತ್ತದೆ ಮೇಡಂ, ಗೂಗಲ್ ಶೀಟ್ಸ್ ಇದ್ದರೆ ಸಾಕು. ಆ ಸೈಟಿನಲ್ಲಿ ಬೇಡದ ಅಕ್ಷರದ ಖಾನೆ ಖಾಲಿ ಬಿಟ್ಟು, ಕ್ಯೂ ಇರುವ ಪದಗಳನ್ನೆಲ್ಲ ಕಾಪಿ ಮಾಡಿ ಮೊದಲ ಕಾಲಂಗೆ ಹಾಕಿ. ಎರಡನೇ ಕಾಲಂನಲ್ಲಿ ಸಬ್‌ಸ್ಟಿಟ್ಯೂಟ್ ಫಾರ್ಮುಲಾ ಬಳಸಿ ಕ್ಯೂ-ಯು ಜೋಡಿಯನ್ನು ಅಳಿಸಿಬಿಡಿ. ಆಮೇಲೂ ಯಾವುದರಲ್ಲಿ ಕ್ಯೂ ಉಳಿಯುತ್ತದೋ ಅವೇ ನಿಮ್ಮ ಪದಗಳು, ಫಿಲ್ಟರ್ ಹಾಕಿದರೆ ಎದ್ದು ಬರುತ್ತವೆ. ಕ್ವೀನ್‌ನಲ್ಲಿ ಕ್ಯೂ ಹೋಗಿರುತ್ತದೆ, ಬುರ್ಖಾ ಹಾಗೇ ಇರುತ್ತದೆ, ತಲಾಕ್ ಕೂಡ. $ ಗುರುತಿನ ತಲೆನೋವೇ ಇಲ್ಲ. ಸಬ್‌ಸ್ಟಿಟ್ಯೂಟ್‌ಗೆ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ. ಅದಕ್ಕೆ ಮೊದಲು ಲೋವರ್ ಫಾರ್ಮುಲಾದಿಂದ ಎಲ್ಲವನ್ನೂ ಚಿಕ್ಕಕ್ಷರ ಮಾಡಿಕೊಳ್ಳಿ.