ತಮ್ಮನನ್ನು ಕಾಲೇಜಿನ ಕೌನ್ಸೆಲರ್ ಹತ್ತಿರ ಕಳಿಸಲಾ, ಹೊರಗೆ ಕರೆದುಕೊಂಡು ಹೋಗಲಾ? ಅನುಭವ ಇದ್ದವರು ಹೇಳಿ

ಅಂಕೋಲಾ ಅಕ್ಕ:
ತಮ್ಮನಿಗೆ 19 ವರ್ಷ. ಕಾರವಾರದಲ್ಲಿ ಡಿಗ್ರಿ ಎರಡನೇ ವರ್ಷ, ಹಾಸ್ಟೆಲ್‌ನಲ್ಲಿದ್ದ. ದೀಪಾವಳಿಗೆ ಬಂದವನು ವಾಪಸ್ ಹೋಗುತ್ತಿಲ್ಲ. ನಿದ್ದೆ ಇಲ್ಲ, ಊಟಕ್ಕೆ ಕರೆದರೆ "ಆಮೇಲೆ" ಅನ್ನುತ್ತಾನೆ. ಎರಡು ಸಬ್ಜೆಕ್ಟ್ ಉಳಿದಿವೆ. ಕಾಲೇಜಿಗೆ ವಾರಕ್ಕೊಮ್ಮೆ ಕೌನ್ಸೆಲರ್ ಬರುತ್ತಾರಂತೆ. ಆದರೆ ಅಲ್ಲಿಗೆ ಹೋದರೆ ಇಡೀ ಕ್ಲಾಸಿಗೆ ಗೊತ್ತಾಗುತ್ತದೆ ಅಂತ ಅವನ ಹಟ. ಹೊರಗಾದರೆ ಎಲ್ಲಿ, ಎಷ್ಟು ಖರ್ಚು?

ಶಿರಸಿ ತೋಟದವ:
ಕಾಲೇಜಿಗೆ ಮಾತ್ರ ಕಳಿಸಬೇಡಿ. ನನ್ನ ಮಗಳನ್ನು ಕಳಿಸಿ ಸುಟ್ಟುಕೊಂಡವನು ನಾನು. ಅವಳ ಕಾಲೇಜಿನಲ್ಲಿ ಕೌನ್ಸೆಲರ್ ಅಂದರೆ ಅವಳಿಗೇ ಪಾಠ ಮಾಡುವ ಮೇಡಂ, ಇಂಟರ್ನಲ್ ಮಾರ್ಕ್ಸ್ ಹಾಕುವವರೂ ಅವರೇ. ಮಗಳು ಅತ್ತುಕೊಂಡು ಹೇಳಿದ ಮಾತು ಮರುದಿನ ಸ್ಟಾಫ್ ರೂಮಿನಲ್ಲಿತ್ತು. ಮೂರನೇ ದಿನ ನನಗೆ ಫೋನು, "ನಿಮ್ಮ ಮಗಳನ್ನು ಸ್ವಲ್ಪ ದಿನ ಮನೆಯಲ್ಲೇ ಇಟ್ಟುಕೊಳ್ಳಿ" ಅಂತ. ಅವತ್ತಿನಿಂದ ಅವಳು ಎರಡು ತಿಂಗಳು ನನ್ನ ಹತ್ತಿರವೂ ಬಾಯಿ ಬಿಡಲಿಲ್ಲ.

ಆಮೇಲೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋದೆವು. ಎಂಟು ತಿಂಗಳಲ್ಲಿ ಏಳು ಸಲ. ಅಲ್ಲಿ ಚೀಟಿಗೆ, ಮಾತ್ರೆಗೆ ಹೋದ ದುಡ್ಡು ಲೆಕ್ಕಕ್ಕೇ ಇಲ್ಲ, ಖರ್ಚೆಲ್ಲ ದಾರಿಯದು. ಮೊದಲ ಎರಡು ಸಲ ಕಾರು ಮಾಡಿದೆ, ಒಂದು ಸಲಕ್ಕೆ 4,500. ಆಮೇಲೆ ಬಸ್ಸು. ಶಕ್ತಿ ಯೋಜನೆ ಇದ್ದುದರಿಂದ ಅವಳಿಗೆ ಟಿಕೆಟ್ ಇಲ್ಲ, ನನಗೆ ಮಾತ್ರ. ಬೆಳಿಗ್ಗೆ ಐದಕ್ಕೆ ಹೊರಟರೆ ರಾತ್ರಿ ಒಂಬತ್ತಕ್ಕೆ ಮನೆ. ಒಂದು ಸಲ ಅಡಿಕೆ ಕೊನೆ ಇಳಿಸುವ ಕೊನೆಗೌಡ ಬರುವ ದಿನವೇ ಅಪಾಯಿಂಟ್‌ಮೆಂಟ್ ಬಿತ್ತು. ಅವನನ್ನು ಬಿಟ್ಟರೆ ಮತ್ತೆ 12 ದಿನ ಸಿಗುವುದಿಲ್ಲ. ಬಿಟ್ಟೆ. ಅಡಿಕೆ ಹಣ್ಣಾಗಿ ಉದುರಿತು. ಅದಕ್ಕೆ ಬೇಜಾರಿಲ್ಲ, ಮಗಳು ಈಗ ಎಂ.ಕಾಂ ಮಾಡುತ್ತಿದ್ದಾಳೆ.

ಕುಮಟಾ ಟೀಚರ್:
ಒಬ್ಬ ಮೇಡಂ ತಪ್ಪು ಮಾಡಿದರು ಅಂತ ಎಲ್ಲ ಕಾಲೇಜನ್ನೂ ಬೈಯುವುದು ಸರಿಯಲ್ಲ. ನಾನೂ ಕಾಲೇಜಿನಲ್ಲಿ ಪಾಠ ಮಾಡುತ್ತಾ ಈ ಕೆಲಸವನ್ನೂ ನೋಡಿಕೊಳ್ಳುತ್ತೇನೆ. ಅದಕ್ಕೆ ಬೇರೆ ಸಂಬಳ ಇಲ್ಲ, ಬೇರೆ ರೂಮಿಲ್ಲ. ಲೈಬ್ರರಿಯ ಹಿಂದೆ ಎರಡು ಕುರ್ಚಿ ಹಾಕಿಕೊಂಡು ಮಕ್ಕಳ ಮಾತು ಕೇಳಿದ್ದೇನೆ. ಹೋದ ವರ್ಷ ಒಬ್ಬ ಹುಡುಗ ಹಾಸ್ಟೆಲ್‌ನಿಂದ ರಾತ್ರಿ ಹನ್ನೊಂದಕ್ಕೆ ಫೋನು ಮಾಡಿದ. ಬೆಳಗಿನ ತನಕ ಮಾತಾಡಿದೆ. ಅವನು ಇವತ್ತು ನಮ್ಮ ನಡುವೆ ಇದ್ದಾನೆ. ಆ ರಾತ್ರಿ ಧಾರವಾಡ ಯಾರಿಗೆ ಸಿಗುತ್ತಿತ್ತು?

ಶಿರಸಿ ತೋಟದವ:
ನಿಮ್ಮ ಒಳ್ಳೆಯತನದ ಬಗ್ಗೆ ನಾನು ಒಂದು ಮಾತೂ ಆಡಿಲ್ಲ. ಪಾಠ ಮಾಡುವವರು, ಮಾರ್ಕ್ಸ್ ಹಾಕುವವರು ಈ ಕೆಲಸಕ್ಕೆ ಕೂರಬಾರದು, ಅಷ್ಟೇ. ಜುಲೈ 2025ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಇದಕ್ಕೇ ತರಬೇತಿ ಪಡೆದ ಕೌನ್ಸೆಲರ್, ಸೈಕಾಲಜಿಸ್ಟ್ ಅಥವಾ ಸೋಷಿಯಲ್ ವರ್ಕರ್ ಒಬ್ಬರಾದರೂ ಇರಬೇಕು ಅಂತ. ನಿಮ್ಮಲ್ಲಿ ಇದ್ದಾರಾ?

ಕುಮಟಾ ಟೀಚರ್:
ಇಲ್ಲ. ನೇಮಿಸಿ ಅಂತ ಎರಡು ಸಲ ಬರೆದುಕೊಟ್ಟಿದ್ದೇನೆ. ಅವರು ಬರುವ ತನಕ ಮಕ್ಕಳನ್ನು ಬಾಗಿಲಿಂದ ವಾಪಸ್ ಕಳಿಸಲಾ, ಹೇಳಿ?

ಸದಾಶಿವಗಡ:
ಕಾರವಾರದವರು ಧಾರವಾಡಕ್ಕೆ ಯಾಕೆ ಹೋಗಬೇಕು? ನಾವು ಮಗನನ್ನು ಗೋವಾಕ್ಕೆ ಕರೆದುಕೊಂಡು ಹೋದೆವು, ಮಡಗಾಂವಿಗೆ, ಪ್ರೈವೇಟ್. ಮನೆಯಲ್ಲಿ ನಾವು ಕೊಂಕಣಿ. ಅವನು ಕನ್ನಡದಲ್ಲಿ ಪರೀಕ್ಷೆ ಬರೆಯುತ್ತಾನೆ, ಅಳುವುದು ಕೊಂಕಣಿಯಲ್ಲಿ. ಆ ಕೌನ್ಸೆಲರ್ ಮೊದಲ ದಿನ ಕೊಂಕಣಿಯಲ್ಲಿ "ಊಟ ಆಯ್ತಾ" ಅಂತ ಕೇಳಿದ್ದೇ ತಡ, ಒಂದು ಗಂಟೆ ಮಾತಾಡಿದ. ಒಂದು ಸಲಕ್ಕೆ 1,200 ರೂಪಾಯಿ, ಒಟ್ಟು 14 ಸಲ, ರೈಲು ಬೇರೆ. ನನ್ನ ಒಂದು ಬಳೆ ಹೋಯಿತು. ನಾಲ್ಕನೇ ಸಲದ ನಂತರ ಅವನು ಹೋಗುವುದಿಲ್ಲ ಅಂತ ಕೂತ. ಆಗ ಕಟ್ಟಿದ್ದ ಅಡ್ವಾನ್ಸ್ ವಾಪಸ್ ಕೊಡಲಿಲ್ಲ. ಮುಂದೆ ಅವನೇ ಹೋಗೋಣ ಅಂದ. ಮಾತ್ರೆ ಒಂದೂ ಇಲ್ಲ, ಬರೀ ಮಾತಿನಲ್ಲೇ ಸರಿಹೋಯಿತು. ಮಾತ್ರೆ ಅಭ್ಯಾಸ ಆದರೆ ಬಿಡುವುದಿಲ್ಲ, ಹುಷಾರು.

ಹೊನ್ನಾವರ ಹುಡುಗ:
ದಯವಿಟ್ಟು ಇಂಥ ಮಾತು ಹರಡಬೇಡಿ. ಇದನ್ನೇ ಕೇಳಿ ನಾನು ಆರು ತಿಂಗಳು ಹಾಳು ಮಾಡಿಕೊಂಡೆ. ಖಿನ್ನತೆಗೆ ಕೊಡುವ ಎಸ್ಸಿಟಲೋಪ್ರಾಮ್ ಮಾತ್ರೆ, 5 ಮಿಗ್ರಾಂನಿಂದ ಶುರು, ಆಮೇಲೆ 10. ಮೊದಲ ಎರಡು ವಾರ ವಾಂತಿ ಬಂದ ಹಾಗೆ ಆಗುತ್ತಿತ್ತು, ಗುಣ ಏನೂ ಕಾಣಲಿಲ್ಲ. ನಾಲ್ಕನೇ ವಾರ ಒಂದು ಬೆಳಿಗ್ಗೆ ಅಮ್ಮ ಮಾಡಿದ ತೆಳ್ಳೇವು (ತೆಳು ದೋಸೆ) ರುಚಿ ಅನ್ನಿಸಿತು. ಅಷ್ಟರಲ್ಲಿ ದೊಡ್ಡಪ್ಪ "ಅಭ್ಯಾಸ ಆಗುತ್ತದೆ" ಅಂದರು ಅಂತ ಡಾಕ್ಟರಿಗೆ ಹೇಳದೆ ಒಮ್ಮೆಲೇ ನಿಲ್ಲಿಸಿದೆ. ತಲೆಯೊಳಗೆ ಕರೆಂಟ್ ಹೊಡೆದ ಹಾಗೆ, ತಿರುಗಿದರೆ ತಲೆಸುತ್ತು. ಅದು ಚಟ ಅಲ್ಲ, ಒಮ್ಮೆಲೇ ಬಿಟ್ಟದ್ದರಿಂದ ಆಗುವುದು, ಬಿಡುವುದಾದರೆ ನಿಧಾನಕ್ಕೆ ಇಳಿಸಬೇಕು ಅಂತ ಡಾಕ್ಟರ್ ಆಮೇಲೆ ಹೇಳಿದರು. ಒಂದು ಸೆಮಿಸ್ಟರ್ ಹೋಯಿತು. ಪರೀಕ್ಷಾ ಫೀಸು, ರೂಮ್ ಬಾಡಿಗೆ ಸೇರಿ 22,000.

ಆ ನಡುವೆ ಮನೆಯವರು ಗ್ರಹಚಾರ ಅಂತ ಶಾಂತಿ ಮಾಡಿಸಿದರು, ಅದಕ್ಕೆ 18,000. ಅದೇ ದುಡ್ಡಿನಲ್ಲಿ ವರ್ಷಪೂರ್ತಿ ಡಾಕ್ಟರನ್ನು ಕಾಣಬಹುದಿತ್ತು.

ಸದಾಶಿವಗಡ:
ನನ್ನ ಮಗನಿಗೆ ಆದದ್ದನ್ನು ಹೇಳಿದೆ, ಸುಳ್ಳು ಹೇಳಿಲ್ಲ.

ಹೊನ್ನಾವರ ಹುಡುಗ:
ನಿಮ್ಮ ಮಗನಿಗೆ ಮಾತ್ರೆ ಬೇಕಾಗಲಿಲ್ಲ. ನನಗೆ ಬೇಕಾಯಿತು. "ಹುಷಾರು" ಅಂತ ಬರೆದಿರಲ್ಲ, ಅದನ್ನು ಓದಿ ಇನ್ನೊಬ್ಬ ನಿಲ್ಲಿಸಿದರೆ?

ಯಲ್ಲಾಪುರ:
ಶಾಂತಿ ಮಾಡಿಸಿದ್ದನ್ನು ಯಾಕೆ ಹೀಗಳೆಯುತ್ತೀರಿ? ನನ್ನ ತಂಗಿಗೆ ಚಿಕಿತ್ಸೆ ನಡೆಯುವಾಗಲೂ ಅಮ್ಮ ಮಾರಿಕಾಂಬೆಗೆ ಹರಕೆ ಹೊತ್ತಿದ್ದರು. ಎರಡೂ ಒಟ್ಟಿಗೇ ನಡೆದವು. ಅಮ್ಮನಿಗೆ ಧೈರ್ಯ ಬಂದದ್ದು ಅದರಿಂದಲೇ.

ಹೊನ್ನಾವರ ಹುಡುಗ:
ಹರಕೆಗೆ ನಾನು ಏನೂ ಅಂದಿಲ್ಲ. ಶಾಂತಿ ಮುಗಿಯುವ ತನಕ ಡಾಕ್ಟರ್ ಬೇಡ ಅಂತ ನನ್ನನ್ನು ಮೂರು ತಿಂಗಳು ಕೂರಿಸಿದರು. ನೋವು ಅದಕ್ಕೆ.

ಭಟ್ಕಳ ಅಣ್ಣ:
ನನ್ನ ಜಗಳ ಇನ್ಶೂರೆನ್ಸ್ ಜೊತೆ. ತಂಗಿ ಐದು ದಿನ ಅಡ್ಮಿಟ್ ಆಗಿದ್ದಳು, ಬಿಲ್ 41,300. ಮಾನಸಿಕ ಕಾಯಿಲೆಗೆ ಕೊಡುವುದಿಲ್ಲ ಅಂತ ಕ್ಲೇಮ್ ತಳ್ಳಿದರು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಸ್ಪಷ್ಟವಾಗಿದೆ, ಮೈಗೆ ಬರುವ ಕಾಯಿಲೆಗೆ ಕೊಡುವ ಹಾಗೇ ಇದಕ್ಕೂ ವಿಮೆ ಕೊಡಬೇಕು. 21ನೇ ಸೆಕ್ಷನ್ ಬರೆದು ನಾಲ್ಕು ಪತ್ರ ಹಾಕಿದೆ. ಏಳನೇ ತಿಂಗಳಿಗೆ ಬಂತು, ಅದೂ 6,000 ಕಡಿಮೆ. ಡಿಸ್ಚಾರ್ಜ್ ಚೀಟಿಯ ಮೂಲ ಪ್ರತಿಯನ್ನು ನಕಲು ಇಟ್ಟುಕೊಳ್ಳದೆ ಕೊಡಬೇಡಿ, ನಾನು ಕೊಟ್ಟು ಮತ್ತೆ ತರಲು ಎರಡು ದಿನ ಅಲೆದೆ.

ಶಿರಸಿ ತೋಟದವ:
ಅಲೆದಾಟ ಅಂದರೆ ನೆನಪಾಯಿತು, ಶಿರಸಿ-ಕುಮಟಾ ದಾರಿಯ ದೇವಿಮನೆ ಘಾಟಿ ಮಳೆಗಾಲದಲ್ಲಿ ನಂಬಬೇಡಿ.

ಕುಮಟಾ ಟೀಚರ್:
ಘಾಟಿ ಯಾಕೆ, ಜುಲೈ 2024ರಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಬಂದ್. ನಮ್ಮ ಒಬ್ಬ ಹುಡುಗಿಗೆ ಕಾರವಾರದಲ್ಲಿ ಚಿಕಿತ್ಸೆ ನಡೆಯುತ್ತಿತ್ತು, ಎರಡು ಸಲ ತಪ್ಪಿತು. ಆಗ 14416ಕ್ಕೆ ಫೋನು ಹಚ್ಚಿಸಿದೆ. ಟೆಲಿ ಮಾನಸ್, ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಅಂಕೋಲಾ ಅಕ್ಕ, ತಮ್ಮ ಸಾಯುವ ಮಾತು ಏನಾದರೂ ಆಡಿದರೆ ಬೆಳಗಾಗುವ ತನಕ ಕಾಯಬೇಡಿ, ಒಬ್ಬನನ್ನೇ ಬಿಡಲೂಬೇಡಿ. ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಸದಾಶಿವಗಡ:
ಫೋನಿನಲ್ಲಿ ಮುಖ ಕಾಣದೆ ಏನು ಗೊತ್ತಾಗುತ್ತದೆ?

ಹೊನ್ನಾವರ ಹುಡುಗ:
ಮುಖ ಕಾಣದ್ದಕ್ಕೇ ನಾನು ಮೊದಲ ಸಲ ನಿಜ ಹೇಳಿದ್ದು.

ಅಂಕೋಲಾ ಅಕ್ಕ:
ಎಲ್ಲವನ್ನೂ ಓದಿದೆ. ಹೊನ್ನಾವರದವರು ಬರೆದದ್ದನ್ನು ತಮ್ಮನಿಗೂ ತೋರಿಸಿದೆ. ಏನೂ ಹೇಳಲಿಲ್ಲ. ಈಗಷ್ಟೇ ಬಂದು, ಆ ಕರೆಂಟ್ ಹೊಡೆದ ಹಾಗೆ ಆಗುವುದು ಎಷ್ಟು ದಿನ ಇತ್ತಂತೆ ಅಂತ ಕೇಳಿದ. ಅವನೂ ಯಾವುದೋ ಮಾತ್ರೆ ತೆಗೆದುಕೊಂಡು ಬಿಟ್ಟಿದ್ದಾನಾ ಅಂತ ನನಗೆ ಈಗ ಹೆದರಿಕೆ. ಹೊನ್ನಾವರದವರೇ, ಇದ್ದೀರಾ?

ಹೊನ್ನಾವರ ಹುಡುಗ:
ಇದ್ದೇನೆ. ನನಗೆ ಹತ್ತು ದಿನ ಇತ್ತು. ಯಾವ ಮಾತ್ರೆ, ಯಾವಾಗ ಬಿಟ್ಟ ಅಂತ ಬೈಯದೆ ಕೇಳಿ, ಆ ಪಟ್ಟಿ ಹಿಡಿದುಕೊಂಡು ನಾಳೆಯೇ ಡಾಕ್ಟರ ಹತ್ತಿರ ಹೋಗಿ. ಅವನು ಒಪ್ಪಿದರೆ ಫೋನು ಅವನ ಕೈಗೆ ಕೊಡಿ, ಇಲ್ಲೇ ಬರೆಯಲಿ.