ಲಾರಿ ಬಾಡಿಯ ಕಿಟಕಿಗೆ ಗಾಜು ಕೂರಿಸಲು ಯಾವ ಅಂಟು? ಸಿಲಿಕಾನ್, ಪಿಯು (ಪಾಲಿಯುರಿಥೇನ್), ಇಲ್ಲಾ ರಬ್ಬರ್ ಬೀಡಿಂಗ್?

ಘಟ್ಟದ ದಾರಿ (ತೀರ್ಥಹಳ್ಳಿ):
ಟಾಟಾ 407, ಪೂರ್ತಿ ಮುಚ್ಚಿದ ತಗಡಿನ ಬಾಡಿ. ತೋಟಗಳಿಗೆ ಹೋಗಿ ಸ್ಪ್ರೇಯರ್, ಪಂಪ್ ರಿಪೇರಿ ಮಾಡುವ ಗಾಡಿಯಾಗಿ ಬದಲಾಯಿಸುತ್ತಿದ್ದೇವೆ. ಒಳಗೆ ಬೆಳಕು ಬೇಕು, ಅದಕ್ಕೆ ಎರಡೂ ಪಕ್ಕಕ್ಕೆ ಒಂದೊಂದು ತೆರೆಯದ ಕಿಟಕಿ, 36 x 18 ಇಂಚು. ತಗಡು 18 ಗೇಜ್. ಗಾಜು 5 ಮಿ.ಮೀ. ಟಫನ್ಡ್ (ಕುಲುಮೆಯಲ್ಲಿ ಕಾಯಿಸಿ ಗಟ್ಟಿ ಮಾಡಿದ್ದು) ಅಂದುಕೊಂಡಿದ್ದೇವೆ, ಇನ್ನೂ ಆರ್ಡರ್ ಕೊಟ್ಟಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಲಿಕಾನ್ ಸಾಕು ಅಂತಾರೆ. ಗಾಡಿ ಆಗುಂಬೆ, ಹುಲಿಕಲ್ ಘಾಟಿ ಎರಡೂ ಹತ್ತಿ ಇಳಿಯಬೇಕು, ಮಳೆಗಾಲದಲ್ಲೂ ನಿಲ್ಲುವುದಿಲ್ಲ. ಯಾವ ಅಂಟು, ಎಷ್ಟು ಟ್ಯೂಬ್, ಕೂರಿಸಿದ ಮೇಲೆ ಎಷ್ಟು ಹೊತ್ತು ಗಾಡಿ ನಿಲ್ಲಿಸಬೇಕು?

ಗ್ಲಾಸ್ ಫಿಟ್ಟರ್ (ಶಿವಮೊಗ್ಗ):
ಸಿಲಿಕಾನ್ ಬೇಡವೇ ಬೇಡ ಸರ್. ಹುಳಿ ವಾಸನೆ ಬರುವ ಅಗ್ಗದ ಸಿಲಿಕಾನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ತಗಡಿಗೆ ಅದರಡಿಯಲ್ಲೇ ತುಕ್ಕು ಶುರುವಾಗುತ್ತದೆ. ವಾಸನೆಯಿಲ್ಲದ ನ್ಯೂಟ್ರಲ್ ಸಿಲಿಕಾನ್ ತುಕ್ಕು ತರಿಸುವುದಿಲ್ಲ, ಆದರೆ ಒಮ್ಮೆ ಹಚ್ಚಿದ ಜಾಗಕ್ಕೆ ಮುಂದೆ ಪೇಂಟೂ ಹಿಡಿಯಲ್ಲ, ಬೇರೆ ಅಂಟೂ ಹಿಡಿಯಲ್ಲ. ಎಂ-ಸೀಲ್, ಅರಾಲ್ಡೈಟ್ ತರಹದವು ಕಲ್ಲಿನಂತೆ ಗಟ್ಟಿಯಾಗುತ್ತವೆ. ಘಾಟಿಯ ತಿರುವಿನಲ್ಲಿ ಛಾಸಿ (ಗಾಡಿಯ ಅಡಿ ಚೌಕಟ್ಟು) ತಿರುಚಿದಾಗ ಬಾಡಿಯೂ ತಿರುಚುತ್ತದೆ, ಆ ಎಳೆತ ನೇರ ಗಾಜಿಗೆ ಹೋಗಿ ಮೂಲೆಯಿಂದ ಒಡೆಯುತ್ತದೆ.

ನಿಮಗೆ ಬೇಕಾದ್ದು ವಿಂಡ್‌ಶೀಲ್ಡ್ ಕೂರಿಸುವ ಪಾಲಿಯುರಿಥೇನ್, ಅಂದರೆ ಪಿಯು. ಟ್ಯೂಬಿನ ಮೇಲೆ ಏನು ಬರೆದಿದೆ ಅಂತ ಓದಿ ತೆಗೆದುಕೊಳ್ಳಿ. ಉದಾಹರಣೆಗೆ ಸಿಕಾಫ್ಲೆಕ್ಸ್ ಬ್ರ್ಯಾಂಡ್‌ನಲ್ಲೇ 11ಎಫ್‌ಸಿ ಕಟ್ಟಡದ ಕೆಲಸಕ್ಕೆ, 221 ಸಂದು ಮುಚ್ಚುವ ಸೀಲೆಂಟ್, 256 ಮತ್ತು 265 ವಾಹನದ ಗಾಜಿಗೆ. ನೋಡಲು ಎಲ್ಲ ಟ್ಯೂಬೂ ಒಂದೇ, ಕೆಲಸ ಬೇರೆ. ಎಕ್ಸ್‌ಪೈರಿ ದಿನಾಂಕ ನೋಡದೆ ದುಡ್ಡು ಕೊಡಬೇಡಿ. ಹಳೆಯ ಟ್ಯೂಬ್ ಗನ್ನಿನಲ್ಲಿ ಒತ್ತಿದರೂ ಇಳಿಯುವುದಿಲ್ಲ, ಇಳಿದರೂ ಹಿಡಿಯುವುದಿಲ್ಲ.

ಲೆಕ್ಕ ಹೀಗಿದೆ. ನಾಜಲ್ ತುದಿಯನ್ನು ತ್ರಿಕೋನವಾಗಿ ಕತ್ತರಿಸಿ, ಬುಡ 8 ಮಿ.ಮೀ., ಎತ್ತರ 12 ಮಿ.ಮೀ. ಆಗ ಒಂದು ಮೀಟರಿಗೆ ಸುಮಾರು 48 ಮಿ.ಲೀ. ಬೇಕು. ನಿಮ್ಮ ಗಾಜಿನ ಸುತ್ತಳತೆ 108 ಇಂಚು, ಹತ್ತಿರ ಹತ್ತಿರ 2.75 ಮೀಟರ್. ಒಂದು ಕಿಟಕಿಗೆ 132 ಮಿ.ಲೀ., ಎರಡಕ್ಕೆ 264. ಟ್ಯೂಬ್ ಬರುವುದು 310 ಮಿ.ಲೀ. ಕಾಗದದ ಮೇಲೆ ಒಂದೇ ಸಾಕು, ಆದರೆ ನಾಜಲ್ಲಿನಲ್ಲಿ ಉಳಿಯುವುದು, ಮಧ್ಯೆ ಗಾಳಿ ಬಂದು ಹಾಳಾಗುವುದು ಇದ್ದೇ ಇರುತ್ತದೆ. ಎರಡು ತನ್ನಿ. ಅರ್ಧ ಎಳೆದ ಮೇಲೆ ಅಂಟು ಮುಗಿದು ಅಂಗಡಿಗೆ ಓಡಿದರೆ ಅಷ್ಟರಲ್ಲಿ ಎಳೆದದ್ದು ಸಿಪ್ಪೆಗಟ್ಟಿರುತ್ತದೆ.

ಗಾಜಿನ ಆರ್ಡರ್ ಈಗಲೇ ಕೊಡಬೇಡಿ. ಮೊದಲು ಫ್ರೇಮ್ ಆಗಲಿ, ರಟ್ಟಿನ ಅಚ್ಚು ತೆಗೆದು ಕೊಡಿ. ಟಫನ್ ಮಾಡಿದ ಮೇಲೆ ಕತ್ತರಿಸಲು, ತೂತು ಹೊಡೆಯಲು ಆಗುವುದಿಲ್ಲ. ಅಂಚಿಗೆ 25 ಮಿ.ಮೀ. ಕಪ್ಪು ಸೆರಾಮಿಕ್ ಪಟ್ಟಿ ಬೇಕು ಅಂತ ಆಗಲೇ ಹೇಳಿ, ಅದು ಟಫನ್ ಆಗುವಾಗಲೇ ಕುಲುಮೆಯಲ್ಲಿ ಬೇಯಬೇಕು. ಆ ಪಟ್ಟಿ ಇಲ್ಲದಿದ್ದರೆ ಗಾಜಿನ ಮೂಲಕ ಬಿಸಿಲು ನೇರ ಪಿಯು ಮೇಲೆ ಬಿದ್ದು, ಗಾಜಿಗೆ ಅಂಟಿದ ಪದರವೇ ಪುಡಿಯಾಗುತ್ತದೆ.

ಟಿಂಕರ್ ಕೆಲಸ:
ಅಂಟಿನ ಬಗ್ಗೆ ಮೇಲಿನವರು ಹೇಳಿದ್ದು ಸರಿ. ಆದರೆ ಗಾಜು ಕಳಚುವುದು ಬಹುತೇಕ ಅಂಟಿನಿಂದಲ್ಲ, ಅದರಡಿಯ ಪೇಂಟಿನಿಂದ. ಪಿಯು ಪೇಂಟನ್ನು ಹಿಡಿದಿರುತ್ತದೆ, ಪೇಂಟ್ ತಗಡನ್ನು ಬಿಟ್ಟಿರುತ್ತದೆ. ಮಾಮೂಲಿ ಎನಾಮಲ್ ಮೇಲೆ ಗಾಜು ಕೂರಿಸಬೇಡಿ. ಅಂಟು ಬರುವ ಜಾಗದಲ್ಲಿ ಬರಿ ತಗಡು ಕಾಣುವವರೆಗೆ ಉಜ್ಜಿ, ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್ ಹೊಡೆದು ಪೂರ್ತಿ ಒಣಗಲು ಬಿಡಿ.

18 ಗೇಜ್ ತಗಡೊಂದೇ ಗಾಜನ್ನು ಹೊರಲಾರದು. 5 ಮಿ.ಮೀ. ಗಾಜು ಚದರ ಮೀಟರಿಗೆ 12.5 ಕೆ.ಜಿ., ನಿಮ್ಮದು ಒಂದೊಂದು 5 ಕೆ.ಜಿ.ಗೆ ತುಸು ಮೇಲೆ. ಭಾರ ಕಡಿಮೆಯೇ, ಸಮಸ್ಯೆ ಗಾಡಿ ಓಡುವಾಗ ತಗಡು ಅದುರಿ ಬಡಿಯುವುದು. ಒಳಗಿನಿಂದ 25 x 25 ಮಿ.ಮೀ. ಎಲ್ ಆಕಾರದ ಕಬ್ಬಿಣದ ಆಂಗಲ್‌ನಲ್ಲಿ ಚೌಕಟ್ಟು ಮಾಡಿ ಅಕ್ಕಪಕ್ಕದ ಬಾಡಿ ಕಂಬಗಳಿಗೆ ವೆಲ್ಡ್ ಮಾಡಿ, ಗಾಜು ಅದರ ಮೇಲೆ ಕೂರಲಿ. ಕಂಬ ಕತ್ತರಿಸಬೇಡಿ. ತಗಡಿನ ತೂತಿನ ಮೂಲೆಗಳು 50 ಮಿ.ಮೀ.ನಷ್ಟು ದುಂಡಗಿರಲಿ, ಚೂಪು ಮೂಲೆಯಿಂದ ತಗಡು ಸೀಳುತ್ತದೆ. ಗಾಜಿನ ಸುತ್ತ 5 ಮಿ.ಮೀ. ಸಂದು ಬಿಡಿ. ವೆಲ್ಡ್ ಸುಟ್ಟ ಹಿಂಬದಿಗೂ ಪ್ರೈಮರ್ ಮುಟ್ಟಲೇಬೇಕು, ಮಲೆನಾಡಿನಲ್ಲಿ ತುಕ್ಕು ಹುಟ್ಟುವುದೇ ಅಲ್ಲಿ.

ಇನ್ನೊಂದು ಮಾತು. ಇದು ಬಾಡಿ ಮಾರ್ಪಾಡು, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡಿ ಬರುತ್ತದೆ. ಗ್ರೈಂಡರ್ ಹಚ್ಚುವ ಮೊದಲು ಆರ್‌ಟಿಓದಲ್ಲಿ ವಿಚಾರಿಸಿ. ಗಾಜಿನ ಮೂಲೆಯಲ್ಲಿ ಐಎಸ್ 2553 (ಸೇಫ್ಟಿ ಗ್ಲಾಸಿನ ಭಾರತೀಯ ಮಾನದಂಡ) ಮುದ್ರೆ ಇರಲಿ.

ರಬ್ಬರ್ ಬೀಡಿಂಗ್ ಪಕ್ಷ:
ಹಳ್ಳಿ ರಸ್ತೆ ಗಾಡಿಗೆ ರಬ್ಬರ್ ಬೀಡಿಂಗನ್ನೂ ಯೋಚಿಸಿ ಅಣ್ಣಾ. ಒಂದು ಕಡೆ ತಗಡು, ಇನ್ನೊಂದು ಕಡೆ ಗಾಜು ಕೂರುವ ಎರಡು ತೋಡಿನ ರಬ್ಬರ್, ಮೇಲೆ ಬಿಗಿ ಮಾಡುವ ಫಿಲ್ಲರ್ ಪಟ್ಟಿ. ಗಾಜಿಗೆ ಸುತ್ತಿ, ತಗಡು ಕೂರುವ ತೋಡಿನೊಳಗೆ ನೈಲಾನ್ ಹಗ್ಗ ಇಟ್ಟು, ಸೋಪು ನೀರು ಹಚ್ಚಿ, ಒಬ್ಬರು ಹೊರಗಿನಿಂದ ಒತ್ತಬೇಕು, ಒಳಗಿನವರು ಹಗ್ಗ ಎಳೆಯಬೇಕು. ಸೀಮೆಎಣ್ಣೆ, ಗ್ರೀಸ್ ಹಚ್ಚಬೇಡಿ, ರಬ್ಬರ್ ಉಬ್ಬುತ್ತದೆ. ಗಾಜು ಒಡೆದರೆ ಕೊಪ್ಪದಲ್ಲೋ ಹೊಸನಗರದಲ್ಲೋ ಯಾರಾದರೂ ಬದಲಾಯಿಸಿಕೊಡುತ್ತಾರೆ, ಅಂಟು ಒಣಗಲು ಕಾಯಬೇಕಿಲ್ಲ. ಆದರೆ ತಗಡು ಒಂದೇ ಪದರ ಇರಬೇಕು, ಆಂಗಲ್ ಚೌಕಟ್ಟಿನ ಅಂಚಿಗೆ ಇದು ಕೂರುವುದಿಲ್ಲ. ಮೂಲೆ ಚೂಪಾಗಿದ್ದರೆ ರಬ್ಬರ್ ಎದ್ದು ನೀರು ಒಳಗೆ ಬರುತ್ತದೆ. ಬಿಸಿಲು ಕಂಡ ರಬ್ಬರ್ ಕುಗ್ಗುವುದರಿಂದ ಅಳತೆಗಿಂತ ತುಸು ಉದ್ದವಾಗಿಯೇ ಕತ್ತರಿಸಿ, ಒತ್ತಿ ಸೇರಿಸಿ.

ಘಟ್ಟದ ದಾರಿ:
ಒಳಗೆ ಪ್ಲೈವುಡ್ ಲೈನಿಂಗ್ ಇದೆ, ಆಂಗಲ್ ಚೌಕಟ್ಟೂ ಬೇಕು, ಹಾಗಾಗಿ ಪಿಯುಗೇ ಹೋಗುತ್ತೇವೆ. ಎರಡು ಪ್ರಶ್ನೆ. ಒಂದು ಬದಿಯಲ್ಲಿ ಹಿಂದೆ ಗಾಳಿಯ ಕಿಂಡಿ ಮುಚ್ಚಲು ಸಿಲಿಕಾನ್ ಬಳಿದಿದ್ದಾರೆ, ಗಾಜಿನ ಅಂಚು ಅದರ ಮೇಲೇ ಬರುತ್ತದೆ, ಅದಕ್ಕೇನು ಮಾಡುವುದು? ಮತ್ತೆ, ಕೆಲಸ ಜುಲೈಗೆ ಹೋದರೆ ಮಳೆಯಲ್ಲಿ ಪಿಯು ಒಣಗುತ್ತದಾ? ಗಾಜಿನ ಬದಲು ಅಕ್ರಿಲಿಕ್ (ಪಾರದರ್ಶಕ ಪ್ಲಾಸ್ಟಿಕ್) ಶೀಟ್ ಹಾಕಬಹುದಾ ಅಂತಲೂ ಒಬ್ಬರು ಕೇಳಿದರು.

ಗ್ಲಾಸ್ ಫಿಟ್ಟರ್ (ಶಿವಮೊಗ್ಗ):
ಅಕ್ರಿಲಿಕ್ ಬೇಡ. ಬಿಸಿಗೆ ಅದು ಕಬ್ಬಿಣದ ಐದಾರು ಪಟ್ಟು ಹಿಗ್ಗುತ್ತದೆ, ಪ್ರೈಮರಿನ ಸಾಲ್ವೆಂಟ್ ತಾಗಿದರೆ ಅಂಚಿನಿಂದ ಕೂದಲೆಳೆಯಂಥ ಬಿರುಕು ಬರುತ್ತದೆ. ಜೊತೆಗೆ ವಾಹನಕ್ಕೆ ಸೇಫ್ಟಿ ಗ್ಲಾಸೇ ಆಗಬೇಕು.

ಹಳೆ ಸಿಲಿಕಾನನ್ನು ಬ್ಲೇಡಿನಿಂದ ಹೆರೆದು, ಸಿಲಿಕಾನ್ ರಿಮೂವರ್ ಹಚ್ಚಿ ಒರೆಸಿ, ಆಮೇಲೆ ತಗಡಿನವರೆಗೆ ಉಜ್ಜಿ. ಮೊದಲೇ ಎಮರಿ ಹಿಡಿದರೆ ಸಿಲಿಕಾನ್ ಸುತ್ತೆಲ್ಲ ಹರಡುತ್ತದೆ. ನೀರು ಚಿಮುಕಿಸಿ ನೋಡಿ. ತೆಳುವಾಗಿ ಹರಡಿ ನಿಂತರೆ ಸರಿ, ಹನಿ ಹನಿಯಾಗಿ ಕೂಡಿದರೆ ಇನ್ನೂ ಉಳಿದಿದೆ.

ಮಳೆಗೆ ಹೆದರಬೇಡಿ. ಪಿಯು ಒಣಗುವುದೇ ಗಾಳಿಯ ತೇವದಿಂದ, ಮಲೆನಾಡಿನ ಜುಲೈಯಲ್ಲಿ ಬೇಸಿಗೆಗಿಂತ ಬೇಗ ಸಿಪ್ಪೆಗಟ್ಟುತ್ತದೆ. ಟ್ಯೂಬಿನ ಮೇಲೆ ಬರೆದ ಸಮಯ 23 ಡಿಗ್ರಿ, ಶೇ 50 ತೇವಕ್ಕೆ ಹೇಳಿದ್ದು. ನೀವು ಅಂಟು ಎಳೆದ 10 ನಿಮಿಷದೊಳಗೆ ಗಾಜು ಇಟ್ಟುಬಿಡಿ. ಸಿಪ್ಪೆಗಟ್ಟಿದ ಮೇಲೆ ಇಟ್ಟರೆ ಅಂಟಿದಂತೆ ಕಾಣುತ್ತದೆ, ಹಿಡಿದಿರುವುದಿಲ್ಲ. ಹೆದರಬೇಕಾದ್ದು ಹನಿ ನೀರಿಗೆ. ತಗಡಿನ ಮೇಲೆ ಮಂಜು ಕೂತಿದ್ದರೆ ಪಿಯು ಗುಳ್ಳೆ ಬಂದು ಸ್ಪಂಜಿನಂತಾಗುತ್ತದೆ. ಶೆಡ್ಡಿನೊಳಗೆ, ಗಾಜು ಮತ್ತು ಗಾಡಿ ಎರಡನ್ನೂ ಹಿಂದಿನ ರಾತ್ರಿಯೇ ಒಂದೇ ಕಡೆ ಇಟ್ಟು, ಬೆಳಿಗ್ಗೆ ಹತ್ತರ ಮೇಲೆ ಶುರು ಮಾಡಿ.

ಗಾಜಿನ ಅಂಚನ್ನು ಆಕ್ಟಿವೇಟರಿನಿಂದ (ಅಂಟು ಹಿಡಿಯುವಂತೆ ಮೇಲ್ಮೈ ಸಿದ್ಧಮಾಡುವ ದ್ರವ) ಒಂದೇ ದಿಕ್ಕಿಗೆ ಒರೆಸಿ, ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ಬಿಡಿ. ಆ ಕಂಪನಿಯ ಪದ್ಧತಿ ಪ್ರೈಮರ್ ಕೇಳಿದರೆ ಹಚ್ಚಿ. ಒಂದು ಕಂಪನಿಯ ಪ್ರೈಮರ್, ಇನ್ನೊಂದರ ಪಿಯು ಬೆರೆಸಬೇಡಿ. ಗನ್ ನೆಟ್ಟಗೆ ಹಿಡಿದು ಎಲ್ಲೂ ನಿಲ್ಲಿಸದೆ ಎಳೆಯಿರಿ, ಶುರು ಮತ್ತು ಕೊನೆ ಕೆಳ ಅಂಚಿನ ಮಧ್ಯೆ ಸೇರಲಿ. ಕೆಳಗೆ ಎರಡು ಕಡೆ 5 ಮಿ.ಮೀ. ರಬ್ಬರ್ ತುಂಡಿಟ್ಟು ಗಾಜಿನ ಭಾರ ಅದರ ಮೇಲೆ ಬಿಡಿ. ಗಾಜಿನ ಹಿಂಬದಿಗೂ ಅಂಥದ್ದೇ ತುಂಡು ಅಂಟಿಸಿದರೆ ಎಷ್ಟು ಒತ್ತಿದರೂ ಅಂಟಿನ ದಪ್ಪ 5 ಮಿ.ಮೀ. ಉಳಿಯುತ್ತದೆ, ಬಾಡಿ ತಿರುಚುವುದನ್ನು ತಡೆದುಕೊಳ್ಳುವುದು ಆ ದಪ್ಪವೇ. ಹೊರಬಂದ ಹಸಿ ಪಿಯುವನ್ನು ಸ್ಪಿರಿಟ್ ಹಚ್ಚಿ ಒರೆಸಬೇಡಿ, ಆಲ್ಕೋಹಾಲ್ ತಾಗಿದ ಕಡೆ ಅದು ಒಣಗುವುದೇ ಇಲ್ಲ. ಬಿಟ್ಟು, ಗಟ್ಟಿಯಾದ ಮೇಲೆ ಬ್ಲೇಡಿನಿಂದ ತೆಗೆಯಿರಿ.

ಮಾಸ್ಕಿಂಗ್ ಟೇಪ್ ಕಟ್ಟಿ 24 ಗಂಟೆ ಗಾಡಿ ಅಲುಗಿಸಬೇಡಿ. ಆ ಹೊತ್ತಿನಲ್ಲಿ ಹಿಂಬಾಗಿಲು ತುಸು ತೆರೆದೇ ಇರಲಿ, ಮುಚ್ಚಿದ ಬಾಡಿಯ ಬಾಗಿಲು ಬಡಿದರೆ ಒಳಗಿನ ಗಾಳಿ ಹಸಿ ಅಂಟಿನಿಂದ ಗಾಜನ್ನು ಹೊರಗೆ ತಳ್ಳುತ್ತದೆ. ದಿನಕ್ಕೆ ಸುಮಾರು 3 ಮಿ.ಮೀ. ಒಳಕ್ಕೆ ಗಟ್ಟಿಯಾಗುತ್ತ ಹೋಗುತ್ತದೆ, ಒಳಗೆ ಹೋದಷ್ಟೂ ನಿಧಾನ. ಊರೊಳಗೆ ಓಡಿಸಲು ಎರಡನೇ ದಿನದಿಂದ ಅಡ್ಡಿಯಿಲ್ಲ. ಘಾಟಿ ಇಳಿಯಲು ನಾಲ್ಕೈದು ದಿನ ಬಿಡಿ, ಪ್ರೆಶರ್ ವಾಶ್ ಒಂದು ವಾರದ ಮೇಲೆ.